ಸ್ಪೈಡರ್‌ಮ್ಯಾನ್ ಕಿಪ್ಪಾನಾ, ಕಪ್ಪು ಮಖಮಲ್ಲಿನದಾ? ಯಹೂದಿ ಟೋಪಿ ಕೊಳ್ಳುವ ಮುಂಚೆ

ನಾವು ನ್ಯೂಜೆರ್ಸಿಯ ಟೀನೆಕ್‌ಗೆ ಬಂದು ಕೆಲವು ವರ್ಷಗಳಾದವು. ಎದುರುಮನೆಯವರು ಯಹೂದಿಗಳು. ಅವರ ಮೊಮ್ಮಗನಿಗೆ ಮೂರು ವರ್ಷ ತುಂಬಿದಾಗ ಮೊದಲ ಸಲ ಕೂದಲು ತೆಗೆಸುವ ಶಾಸ್ತ್ರಕ್ಕೆ ನಮ್ಮನ್ನೂ ಕರೆದರು. ನಮ್ಮಲ್ಲಿ ಚೌಲ ಮಾಡುತ್ತಾರಲ್ಲ, ಹಾಗೇ. ಅವರು ಅದಕ್ಕೆ ಉಪ್‌ಶೆರಿನ್ ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಹುಡುಗರು ದಿನಾ ಕಿಪ್ಪಾ, ಅಂದರೆ ನೆತ್ತಿಯ ಮೇಲಿನ ಪುಟ್ಟ ಟೋಪಿ, ಹಾಕಲು ಶುರು ಮಾಡುವುದು ಅವತ್ತಿನಿಂದಲೇ. ಹಾಗಾಗಿ ಉಡುಗೊರೆಗೆ ಕಿಪ್ಪಾನೇ ಸರಿ ಅಂದುಕೊಂಡು ಅಂಗಡಿಗೆ ಹೋದೆ.

ಒಂದು ಗೋಡೆ ತುಂಬ ಕಿಪ್ಪಾ. ಒಂದು ಕಡೆ ಕಪ್ಪು ಮಖಮಲ್ಲು ಸಾಲಾಗಿ. ಇನ್ನೊಂದು ಕಡೆ ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್, ಪಿಕಾಚು, ನ್ಯೂಯಾರ್ಕ್ ಯಾಂಕೀಸ್. ಬಾಸ್ಕೆಟ್‌ಬಾಲಿನ ಹಾಗೇ ಕಾಣುವ ಕಿತ್ತಳೆ ಚರ್ಮದ್ದೂ ಇತ್ತು. ಅರ್ಧ ಗಂಟೆ ನಿಂತು ನೋಡಿ, ಜೇಡರ ಬಲೆ ಅಚ್ಚಾಗಿದ್ದ ಹೊಳೆಯುವ ಸ್ಯಾಟಿನ್ ಒಂದನ್ನು ತಂದೆ. ಮಗುವಿಗೆ ಬಹಳ ಖುಷಿಯಾಯಿತು. ಆದರೆ ಆ ನುಣುಪು ಬಟ್ಟೆ ಅವನ ತಲೆಯ ಮೇಲೆ ನಿಲ್ಲಲೇ ಇಲ್ಲ. ಜಾರುತ್ತಲೇ ಇತ್ತು. ಆಮೇಲೆ ಗೊತ್ತಾಯಿತು, ಅವನು ಸೇರಲಿದ್ದ ಶಾಲೆಯಲ್ಲಿ ಚಿತ್ರವಿರುವ ಕಿಪ್ಪಾ ಹಾಕುವ ಹಾಗಿಲ್ಲವಂತೆ. ಮಗು ಎರಡು ದಿನ ಅತ್ತಿತು. ನನಗೆ ಬೇಜಾರಾಯಿತು.

ಆ ಮನೆಯ ಅಜ್ಜಿಯನ್ನು ಮಕ್ಕಳು ಬಬ್ಬಿ ಅಂತ ಕರೆಯುತ್ತಾರೆ. ಈಗ ನಾವೂ ಹಾಗೇ ಕರೆಯುತ್ತೇವೆ. ಅವರು ನನ್ನನ್ನು ಕೂರಿಸಿಕೊಂಡು ಒಂದೊಂದಾಗಿ ಹೇಳಿಕೊಟ್ಟರು. ಚಿತ್ರ ಕೊನೆಗೆ ನೋಡು ಅಂದರು. ಯಾರ ತಲೆ, ಯಾವ ಜಾಗ, ಯಾವ ದಿನ ಅನ್ನುವುದನ್ನು ಮೊದಲು ನೋಡಬೇಕಂತೆ. ಇಲ್ಲಿ ಅಮೆರಿಕದಲ್ಲಿ ನಮ್ಮವರನ್ನು ಬಾರ್ ಮಿಟ್ಸ್ವಾಗೆ (ಹುಡುಗನಿಗೆ ಹದಿಮೂರು ತುಂಬಿದಾಗ ಮಾಡುವ ಶಾಸ್ತ್ರ), ಮದುವೆಗೆ ಕರೆಯುವ ಯಹೂದಿ ಗೆಳೆಯರು ಜಾಸ್ತಿಯಾಗುತ್ತಿದ್ದಾರೆ. ಅಂಥವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಾಲ್ಕು ಮೊಳ

ಕಿಪ್ಪಾ ಅಂದರೆ ಹೀಬ್ರೂ ಭಾಷೆಯಲ್ಲಿ ಗುಮ್ಮಟ. ಯಿಡ್ಡಿಷ್ ಆಡುವ ಮನೆಗಳಲ್ಲಿ ಅದೇ ಟೋಪಿಗೆ ಯಾರ್ಮುಲ್ಕೆ ಅನ್ನುತ್ತಾರೆ. ಅಮೆರಿಕದವರ ಬಾಯಲ್ಲಿ ಅದು ‘ಯಾಮಕಾ’ ಅಂತ ಕೇಳಿಸುತ್ತದೆ. ಎಲ್ಲ ಗಂಡಸರೂ ತಲೆ ಮುಚ್ಚಬೇಕು ಅನ್ನುವ ಆಜ್ಞೆ ಅವರ ಮೂಲ ಧರ್ಮಗ್ರಂಥವಾದ ತೋರಾದಲ್ಲಿ ಇಲ್ಲ. ಇದು ನಡೆದು ಬಂದ ಪದ್ಧತಿ. ರವ್ ಹೂನಾ ಎಂಬ ಪಂಡಿತರು ಬರಿತಲೆಯಲ್ಲಿ ನಾಲ್ಕು ಮೊಳ ದೂರವೂ ನಡೆಯುತ್ತಿರಲಿಲ್ಲ, ದೇವರ ಸಾನ್ನಿಧ್ಯ ನನ್ನ ತಲೆಯ ಮೇಲಿದೆ ಅನ್ನುತ್ತಿದ್ದರು ಅಂತ ತಾಲ್ಮುಡ್ ಎಂಬ ಪಂಡಿತರ ಚರ್ಚೆಗಳ ಹಳೆಯ ಗ್ರಂಥ ಹೇಳುತ್ತದೆ.

ನನಗೆ ಇಷ್ಟವಾದದ್ದು ಅದರಲ್ಲೇ ಬರುವ ಇನ್ನೊಂದು ಕಥೆ. ರವ್ ನಖ್ಮನ್ ಬಾರ್ ಯಿತ್ಸ್‌ಖಾಕ್ ಅವರ ತಾಯಿಗೆ ಜ್ಯೋತಿಷಿಗಳು, ನಿನ್ನ ಮಗ ಕಳ್ಳನಾಗುತ್ತಾನೆ ಅಂದಿದ್ದರಂತೆ. ಆಕೆ ಮಗನಿಗೆ ಕಾರಣ ಹೇಳಲಿಲ್ಲ. ತಲೆ ಮುಚ್ಚಿಕೋ, ದೇವರ ಭಯ ಇರಲಿ ಅಂತಷ್ಟೇ ಹೇಳುತ್ತಿದ್ದಳು. ಒಂದು ದಿನ ಆತ ಖರ್ಜೂರದ ಮರದಡಿ ಕೂತು ಓದುತ್ತಿದ್ದಾಗ ತಲೆಯ ಮೇಲಿನ ಬಟ್ಟೆ ಜಾರಿ ಬಿತ್ತು. ತಲೆ ಎತ್ತಿ ಮರ ನೋಡಿದ. ಮರ ಅವನದಲ್ಲ. ಆದರೂ ಆಸೆ ತಡೆಯಲಾಗದೆ ಹತ್ತಿ, ಗೊನೆಯನ್ನು ಹಲ್ಲಿನಿಂದಲೇ ಕಚ್ಚಿ ಕಿತ್ತ. ತಾಯಿ ಯಾಕೆ ಹಾಗೆ ಹೇಳುತ್ತಿದ್ದಳು ಅಂತ ಅವನಿಗೆ ಆಗ ತಿಳಿಯಿತು.

16ನೇ ಶತಮಾನದ ಶುಲ್ಖಾನ್ ಅರುಖ್ ಎಂಬ ಧರ್ಮಸಂಹಿತೆಯಲ್ಲೂ ಇದೇ ನಾಲ್ಕು ಮೊಳದ ಮಾತು ಬರುತ್ತದೆ. ಗಮನಿಸಿ, ಅಲ್ಲಿ ಮುಖ್ಯವಾದದ್ದು ತಲೆ ಮುಚ್ಚಿರುವುದು. ಮಖಮಲ್ಲೇ ಆಗಬೇಕು, ಕಪ್ಪೇ ಇರಬೇಕು ಅಂತಿಲ್ಲ. ಎಷ್ಟು ದೊಡ್ಡದಿರಬೇಕು ಅನ್ನುವುದರಲ್ಲಿ ರಬ್ಬಿಗಳಲ್ಲೇ, ಅಂದರೆ ಯಹೂದಿ ಧರ್ಮಗುರುಗಳಲ್ಲೇ, ಬೇರೆ ಬೇರೆ ಅಭಿಪ್ರಾಯಗಳಿವೆ. ಹಾಗಾಗಿ ಪಾಪ್ ಸಂಸ್ಕೃತಿ ಒಳಗೆ ಬರಲು ಬಾಗಿಲು ಮೊದಲಿನಿಂದಲೂ ತೆರೆದೇ ಇದೆ.

ಬಟ್ಟೆ ಯಾವುದಾದರೂ ನಡೆಯುತ್ತದೆ ಅನ್ನುವುದಕ್ಕೆ ಒಂದು ನಿಜವಾದ ಘಟನೆ ಇದೆ. 1983ರ ಅಕ್ಟೋಬರ್ 23ರಂದು ಬೈರೂತಿನಲ್ಲಿ ಅಮೆರಿಕನ್ ಸೈನಿಕರ ವಸತಿಯ ಮೇಲೆ ಬಾಂಬ್ ದಾಳಿ ಆಯಿತು. ನೌಕಾಪಡೆಯ ರಬ್ಬಿ ಆರ್ನಾಲ್ಡ್ ರೆಸ್ನಿಕಾಫ್ ಅಲ್ಲೇ ಇದ್ದರು. ಗಾಯಗೊಂಡವರ ರಕ್ತ ಒರೆಸಿ ಅವರ ಕಿಪ್ಪಾ ಹಾಳಾಯಿತು. ಆಗ ಜೊತೆಯಲ್ಲಿದ್ದ ಕ್ಯಾಥೊಲಿಕ್ ಪಾದ್ರಿ ಜಾರ್ಜ್ ಪುಚ್ಚಿಯರೆಲ್ಲಿ ತಮ್ಮ ಸಮವಸ್ತ್ರದ ತುಂಡು ಹರಿದು, ಕಿಪ್ಪಾ ಮಾಡಿಕೊಳ್ಳಿ ಅಂತ ಕೊಟ್ಟರು. ಆ ದಿನಗಳಲ್ಲಿ ಸೇನೆಯಲ್ಲಿ ಸಮವಸ್ತ್ರದ ಜೊತೆ ಕಿಪ್ಪಾ ಹಾಕಬಹುದೇ ಅನ್ನುವ ಜಗಳವೇ ನಡೆದಿತ್ತು. ವಾಯುಪಡೆಯ ಮನಶ್ಶಾಸ್ತ್ರಜ್ಞ ಸಿಮ್ಖಾ ಗೋಲ್ಡ್‌ಮನ್ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ 5–4ರಿಂದ ಸೋತರು. ಮರುವರ್ಷ ಅಮೆರಿಕದ ಕಾಂಗ್ರೆಸ್ ಕಾನೂನನ್ನೇ ಬದಲಿಸಿತು. ಬೈರೂತಿನ ಕಥೆ ಆ ಚರ್ಚೆಯಲ್ಲೂ ಬಂತು. ಈಗ ಅಂಗಡಿಗಳಲ್ಲಿ ಮಿಲಿಟರಿ ಬಣ್ಣದ ಕಿಪ್ಪಾ ಮಾಮೂಲು. ಅದನ್ನು ನೋಡಿದಾಗಲೆಲ್ಲ ನನಗೆ ಆ ಹರಿದ ತುಂಡು ನೆನಪಾಗುತ್ತದೆ.

ಬಟ್ಟೆಯ ಮಾತು

ನಿಯಮ ಸಡಿಲ ಇರಬಹುದು. ಆದರೆ ಜನ ಬಟ್ಟೆ ನೋಡಿ ಮನುಷ್ಯನನ್ನು ಓದುತ್ತಾರೆ. ಕಪ್ಪು ಮಖಮಲ್ಲು ಕಂಡರೆ ಯೆಶಿವಾ ಎಂಬ ಧಾರ್ಮಿಕ ಪಾಠಶಾಲೆಯಲ್ಲಿ ಓದಿದವರು, ಕಟ್ಟುನಿಟ್ಟಿನವರು ಅಂದುಕೊಳ್ಳುತ್ತಾರೆ. ಇಸ್ರೇಲಿನಲ್ಲಿ ಕ್ರೋಶಾ ಹೆಣಿಗೆಯ ಕಿಪ್ಪಾ ಹಾಕಿದ್ದರೆ ಧಾರ್ಮಿಕ ಜಿಯೊನಿಸ್ಟ್ ಪಂಗಡದವರು (ಇಸ್ರೇಲ್ ದೇಶ ಕಟ್ಟುವುದನ್ನೂ ಧರ್ಮದ ಭಾಗ ಅನ್ನುವವರು) ಅಂತ ಲೆಕ್ಕ. ಅಲ್ಲಿ ರಾಜಕೀಯದ ಸುದ್ದಿಯಲ್ಲಿ ‘ಹೆಣೆದ ಕಿಪ್ಪಾದವರು’ ಅಂತಲೇ ಬರೆಯುತ್ತಾರೆ. ಸ್ವೇಡ್ ಚರ್ಮದ್ದು ಅಮೆರಿಕದ ಮಾಡರ್ನ್ ಆರ್ಥೊಡಾಕ್ಸ್, ಅಂದರೆ ಸಂಪ್ರದಾಯ ಪಾಲಿಸುತ್ತಲೇ ಆಧುನಿಕ ಬದುಕಿಗೆ ಹೊಂದಿಕೊಂಡ ಮನೆಗಳ, ಹುಡುಗರಲ್ಲಿ ಜಾಸ್ತಿ. ಹಾಗಾಗಿ ಮಖಮಲ್ ಹಾಕುವ ಮನೆಗೆ ಚಿತ್ರವಿಲ್ಲದ ಕ್ರೋಶಾ ಕಿಪ್ಪಾ ಒಯ್ದರೂ ಅದು ಅವರಿಗೆ ಹೊಂದದೇ ಇರಬಹುದು. ಮನೆಯ ಗಂಡಸರ ತಲೆಯ ಮೇಲೆ ಏನಿದೆ ಅಂತ ಒಮ್ಮೆ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಮಖಮಲ್ ಮತ್ತು ಸ್ವೇಡ್ ನಡುವೆ ಆರಿಸುವುದಾದರೆ ಹೀಗೆ. ಮಖಮಲ್ಲಿನದು ನಾಲ್ಕೋ ಆರೋ ತುಂಡು ಸೇರಿಸಿ ಹೊಲಿದದ್ದು. ಒಳಗೆ ಲೈನಿಂಗ್ ಇರುತ್ತದೆ. ತಲೆಯ ಮೇಲೆ ಚೆನ್ನಾಗಿ ಕೂರುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಚಿತ್ರ ಮಾತ್ರ ಅದರ ಮೇಲೆ ಅಷ್ಟು ಚೆನ್ನಾಗಿ ಬರುವುದಿಲ್ಲ. ಚಿಕ್ಕ ಮಕ್ಕಳದ್ದಾದರೆ ಅಂಚಿನಲ್ಲಿ ಹೆಸರನ್ನೋ ಹೀಬ್ರೂ ಅಕ್ಷರಗಳನ್ನೋ ಕಸೂತಿ ಹಾಕಿಸಬಹುದು. ಅದೇ ಅದರ ಅಂದ. ಸ್ವೇಡ್ ಹಾಗಲ್ಲ. ಅದರ ಮೇಲೆ ಅಚ್ಚು ನಿಲ್ಲುತ್ತದೆ, ಬಣ್ಣವೂ ಹತ್ತುತ್ತದೆ. ನೀವು ನೋಡುವ ಸೂಪರ್‌ಹೀರೋ ಕಿಪ್ಪಾ, ಕ್ರಿಕೆಟ್ ಅಲ್ಲದ ಎಲ್ಲ ಆಟದ ತಂಡಗಳ ಕಿಪ್ಪಾ ಹೆಚ್ಚಾಗಿ ಸ್ವೇಡೇ. ಒರಟು ಮೈ ಇರುವುದರಿಂದ ಕೂದಲಿಗೆ ಹಿಡಿದುಕೊಳ್ಳುತ್ತದೆ. ಮಳೆಯಲ್ಲಿ ನೆನೆದರೆ ಮಾತ್ರ ಗಡಸಾಗುತ್ತದೆ.

ಸ್ಯಾಟಿನ್ ಬಗ್ಗೆ ನಾನು ಆಗಲೇ ಹೇಳಿದೆ. ಅದು ಮದುವೆ, ಬಾರ್ ಮಿಟ್ಸ್ವಾಗಳಲ್ಲಿ ಬುಟ್ಟಿಯಲ್ಲಿಟ್ಟು ಹಂಚುವುದಕ್ಕೆ ಸರಿ. ಒಳಗಡೆ ಹುಡುಗನ ಹೆಸರು, ತಾರೀಖು ಅಚ್ಚು ಹಾಕಿಸುತ್ತಾರೆ. ಎಷ್ಟೋ ಮನೆಗಳ ಡ್ರಾಯರ್‌ನಲ್ಲಿ ಹೀಗೆ ಬಂದ ಹತ್ತಾರು ಕಿಪ್ಪಾ ಇರುತ್ತವೆ. ಯಾರ ಮದುವೆ ಯಾವಾಗ ಆಯಿತು ಅಂತ ಬಬ್ಬಿ ಅದನ್ನು ತೆಗೆದು ನೋಡಿಯೇ ಹೇಳುತ್ತಾರೆ. ದಿನಬಳಕೆಗೆ ಸ್ಯಾಟಿನ್ ಬೇಡ.

ಇನ್ನು ಕ್ರೋಶಾ. ನನಗೆ ಕ್ರೋಶಾ ಬರುತ್ತದೆ, ಹಾಗಾಗಿ ಇದರ ಮೇಲೆ ಪ್ರೀತಿ ಹೆಚ್ಚು. ತೆಳು ಹತ್ತಿ ನೂಲು, ಬಲು ಸಣ್ಣ ಸ್ಟೀಲಿನ ಕಡ್ಡಿ. ನಡುವಿನ ಒಂದು ಚಿಕ್ಕ ಸುತ್ತಿನಿಂದ ಶುರು. ಸುತ್ತು ಸುತ್ತಿಗೂ ಹೆಣಿಗೆ ಹೆಚ್ಚಿಸುತ್ತ ಹೋಗಬೇಕು. ಜಾಸ್ತಿ ಹೆಚ್ಚಿಸಿದರೆ ಅಂಚು ನಿರಿಗೆ ನಿರಿಗೆಯಾಗುತ್ತದೆ. ಕಡಿಮೆಯಾದರೆ ಬಟ್ಟಲಿನ ಹಾಗೆ ಮುದುಡುತ್ತದೆ. ಅಂಚಿನ ವಿನ್ಯಾಸಕ್ಕೆ ಎರಡು ಬಣ್ಣದ ನೂಲು ಒಟ್ಟಿಗೆ ಹಿಡಿದು, ಬೇಡದ ಬಣ್ಣವನ್ನು ಹೆಣಿಗೆಯ ಒಳಗೇ ಮುಚ್ಚಿಕೊಂಡು ಹೋಗುತ್ತಾರೆ. ರಂಗೋಲಿಗೆ ಚುಕ್ಕಿ ಎಣಿಸುವ ಹಾಗೆ ಎಣಿಸಬೇಕು. ಬ್ನೇ ಅಕಿವಾದಂಥ ಯುವಕ ಸಂಘಗಳಲ್ಲಿ ಹುಡುಗಿಯರು ತಮಗೆ ಇಷ್ಟವಾದ ಹುಡುಗನಿಗೆ ಕಿಪ್ಪಾ ಹೆಣೆದು ಕೊಡುವ ರೂಢಿ ಬಹಳ ಕಾಲದಿಂದ ಇದೆ. ಕೈಯಲ್ಲಿ ಮಾಡಿದ್ದಕ್ಕೆ ಇರುವ ಬೆಲೆಯೇ ಬೇರೆ, ಅಲ್ವಾ?

ಚಿತ್ರದ ವಿಷಯದಲ್ಲಿ ಕ್ರೋಶಾಕ್ಕೆ ಒಂದು ಗುಟ್ಟಿದೆ. ಹೆಣಿಗೆ ಅಂದರೆ ಚೌಕಗಳ ಲೆಕ್ಕ. ಹಾಗಾಗಿ ಚೌಕ ಚೌಕವಾಗಿಯೇ ಹುಟ್ಟಿದ ಹಳೆಯ ವಿಡಿಯೋ ಗೇಮ್ ಆಕಾರಗಳು ಅದರಲ್ಲಿ ತುಂಬ ಚೆಂದ ಬರುತ್ತವೆ. 1978ರ ಸ್ಪೇಸ್ ಇನ್ವೇಡರ್ಸ್‌ನ ಪ್ರಾಣಿಗಳು, 1980ರ ಪ್ಯಾಕ್‌ಮ್ಯಾನ್‌ನ ದೆವ್ವಗಳು ಅಂಚಿನ ಸುತ್ತ ಸಾಲಾಗಿ ನಿಲ್ಲುತ್ತವೆ. ದೂರದಿಂದ ನೋಡಿದರೆ ಮಾಮೂಲಿ ಬಾರ್ಡರ್. ಹತ್ತಿರ ಹೋದರೆ ಆಟ. ಮನುಷ್ಯರ ಮುಖ, ಬಳುಕುವ ಗೆರೆ ಬೇಕಾದರೆ ಕ್ರೋಶಾ ಬೇಡ, ಸ್ವೇಡ್ ತಗೊಳ್ಳಿ.

ಕ್ಲಿಪ್ ಇಟ್ಟರೆ ಕಿತ್ತು ಬಿಸಾಡುವ ಮಗು ಮನೆಯಲ್ಲಿದೆಯೇ? ಬುಖಾರಾ ಕಿಪ್ಪಾ ನೋಡಿ. ಉಜ್ಬೇಕಿಸ್ತಾನದಿಂದ ಬಂದ ಯಹೂದಿಗಳದ್ದು. ನ್ಯೂಯಾರ್ಕಿನ ಕ್ವೀನ್ಸ್ ಕಡೆ ಅವರು ತುಂಬ ಜನ ಇದ್ದಾರೆ. ತಲೆ ಪೂರ್ತಿ ಮುಚ್ಚುವಷ್ಟು ದೊಡ್ಡದು, ಸುತ್ತ ಬಣ್ಣದ ಕಸೂತಿ. ಕ್ಲಿಪ್ಪಿಲ್ಲದೆ ನಿಲ್ಲುತ್ತದೆ. ಕಾರ್ಟೂನ್ ಇಲ್ಲದೆಯೂ ಮಕ್ಕಳು ಇಷ್ಟಪಟ್ಟು ಹಾಕುವ ಕಿಪ್ಪಾ ಇದೊಂದೇ ಅಂತ ನನ್ನ ಅನುಭವ.

ಸೂಪರ್‌ಹೀರೋಗಳು ಮನೆಗೆ ಬಂದದ್ದು

ದೇವರ ನೆನಪಿಗೆ ಹಾಕುವ ಟೋಪಿಯ ಮೇಲೆ ಕಾಮಿಕ್ಸ್ ಚಿತ್ರವೇ ಅಂತ ನನಗೂ ಮೊದಲು ಅನ್ನಿಸಿತ್ತು. ಆಮೇಲೆ ಆ ಚಿತ್ರಗಳ ಹುಟ್ಟು ತಿಳಿಯಿತು. ಸೂಪರ್‌ಮ್ಯಾನ್‌ನನ್ನು ಮಾಡಿದವರು ಕ್ಲೀವ್‌ಲ್ಯಾಂಡಿನ ಇಬ್ಬರು ಯಹೂದಿ ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್. ಅವನು ಅಚ್ಚಿನಲ್ಲಿ ಬಂದದ್ದು 1938ರಲ್ಲಿ. ಮರುವರ್ಷ ಬಂದ ಬ್ಯಾಟ್‌ಮ್ಯಾನ್ ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಅವರದ್ದು. ಇಬ್ಬರೂ ಯಹೂದಿಗಳೇ. 1941ರಲ್ಲಿ ಮೊದಲ ಸಂಚಿಕೆಯ ಮುಖಪುಟದಲ್ಲೇ ಹಿಟ್ಲರನ ಮೂತಿಗೆ ಗುದ್ದಿದ ಕ್ಯಾಪ್ಟನ್ ಅಮೆರಿಕಾನನ್ನು ಬರೆದವರು ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ. ಕರ್ಬಿಯ ಹುಟ್ಟು ಹೆಸರು ಜೇಕಬ್ ಕರ್ಟ್ಸ್‌ಬರ್ಗ್. 1962ರಲ್ಲಿ ಸ್ಟೀವ್ ಡಿಟ್ಕೋ ಜೊತೆ ಸ್ಪೈಡರ್‌ಮ್ಯಾನ್ ಸೃಷ್ಟಿಸಿದ ಸ್ಟ್ಯಾನ್ ಲೀ, ರೊಮೇನಿಯಾದಿಂದ ವಲಸೆ ಬಂದ ಯಹೂದಿ ಮನೆಯವರು.

ಆಗಿನ ಕಾಲದಲ್ಲಿ ಹೆಸರು ಬದಲಿಸಿಕೊಂಡೇ ಕೆಲಸ ಹುಡುಕಬೇಕಿತ್ತು. ಅಂಥವರು ಬರೆದ ವೀರರು ಈಗ ಬಹಿರಂಗವಾಗಿ ಯಹೂದಿ ಮಕ್ಕಳ ಕಿಪ್ಪಾ ಮೇಲೆ ಬಂದು ಕೂತಿದ್ದಾರೆ. ಇದನ್ನು ತಿಳಿದ ಮೇಲೆ ಆ ಗೋಡೆ ನನ್ನ ಕಣ್ಣಿಗೆ ಬೇರೆಯಾಗಿಯೇ ಕಂಡಿತು.

ಯಾರಿಗಾದರೂ ವಿಷಯ ಗೊತ್ತಿರುವ ಉಡುಗೊರೆ ಕೊಡಬೇಕೆಂದಿದ್ದರೆ ‘ದಿ ಥಿಂಗ್’ ನೆನಪಿಡಿ. ಫೆಂಟಾಸ್ಟಿಕ್ ಫೋರ್‌ನ ಕಲ್ಲು ಮೈಯ ಬೆನ್ ಗ್ರಿಮ್. ಅವನು ಯಹೂದಿ ಅಂತ 2002ರ ಸಂಚಿಕೆಯೊಂದರಲ್ಲಿ ಸ್ಪಷ್ಟವಾಗಿ ಬಂತು. 2018ರಲ್ಲಿ ಅವನ ಮದುವೆಯೂ ಯಹೂದಿ ಶಾಸ್ತ್ರದಂತೆ ನಡೆಯಿತು. ಕಾಮಿಕ್ಸ್ ಓದುವ ದೊಡ್ಡವರಿಗೆ ಬ್ಯಾಟ್‌ಮ್ಯಾನ್‌ಗಿಂತ ಇವನು ಒಳ್ಳೆಯ ಆಯ್ಕೆ.

ತಂಡದ ಲಾಂಛನ ಮತ್ತು ಸೂಪರ್‌ಹೀರೋ ನಡುವೆ ನಾನಾದರೆ ಲಾಂಛನ ಆರಿಸುತ್ತೇನೆ. ಮಕ್ಕಳ ಹೀರೋಗಳು ಬೇಗ ಬದಲಾಗುತ್ತಾರೆ. ಐದು ವರ್ಷಕ್ಕೆ ಸ್ಪೈಡರ್‌ಮ್ಯಾನ್, ಏಳಕ್ಕೆ ಪೋಕೆಮಾನ್, ಒಂಬತ್ತಕ್ಕೆ ಎರಡೂ ಬೇಡ. ತಂಡ ಹಾಗಲ್ಲ. ಅಪ್ಪನ ತಂಡವೇ ಮಗನ ತಂಡ. ಆಟಗಾರರಲ್ಲೂ ಕಿಪ್ಪಾ ಕಾಣಿಸುತ್ತಿದೆ. 1999ರಲ್ಲಿ ಒಂದು ಕ್ರೀಡಾ ಪತ್ರಿಕೆ ಮೈಕಲ್ ಜೋರ್ಡನ್‌ಗೆ ಹೋಲಿಸಿ ‘ಯಹೂದಿ ಜೋರ್ಡನ್’ ಅಂತ ಕರೆದ ಟಮೀರ್ ಗುಡ್‌ಮನ್ ಕಿಪ್ಪಾ ಹಾಕಿಯೇ ಬಾಸ್ಕೆಟ್‌ಬಾಲ್ ಆಡಿದರು. ವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನಲ್ಲಿ ಆಡುವುದಿಲ್ಲ ಅಂತಲೂ ಹೇಳಿದ್ದರು. ಯೆಶಿವಾ ವಿಶ್ವವಿದ್ಯಾಲಯದ ರಯಾನ್ ಟುರೆಲ್ 2022ರಲ್ಲಿ ಎನ್‌ಬಿಎಯ ಕೆಳಹಂತದ ಜಿ ಲೀಗ್‌ಗೆ ಆಯ್ಕೆಯಾದರು. ಅವರ ತಲೆಯ ಮೇಲೂ ಕಿಪ್ಪಾ. ಓಡುವ ಹುಡುಗರಿಗೆ ಚಿಕ್ಕದು, ಹಗುರವಾದದ್ದು, ಎರಡು ಕಡೆ ಕ್ಲಿಪ್. ಚರ್ಮದ ಬಾಸ್ಕೆಟ್‌ಬಾಲ್ ಕಿಪ್ಪಾ ನೋಡಲು ಚೆಂದ, ಆಡಲು ಕ್ರೋಶಾನೇ ಹಿತ.

ಟಿವಿಯಲ್ಲೂ ಇದು ಹೊಸದಲ್ಲ. 1994ರಲ್ಲಿ ಆಡಮ್ ಸ್ಯಾಂಡ್ಲರ್ ಸ್ಯಾಟರ್ಡೇ ನೈಟ್ ಲೈವ್‌ನಲ್ಲಿ ಹನುಕ್ಕಾ ಹಬ್ಬದ ಹಾಡು ಹಾಡಿದಾಗ, ಕ್ರಿಸ್‌ಮಸ್ ಗದ್ದಲದ ನಡುವೆ ಒಂಟಿ ಅನ್ನಿಸುತ್ತಿದ್ದ ಯಹೂದಿ ಮಕ್ಕಳಿಗೆ ಧೈರ್ಯ ಬಂತು. ಬಬ್ಬಿಯ ಮಗ ಈಗಲೂ ಅದನ್ನು ನೆನೆಯುತ್ತಾನೆ. 2012ರ ಒಂದು ವಿಡಿಯೋದಲ್ಲಿ ರ‍್ಯಾಪರ್ ಡ್ರೇಕ್ ಕಿಪ್ಪಾ ಹಾಕಿ ಮತ್ತೊಮ್ಮೆ ಬಾರ್ ಮಿಟ್ಸ್ವಾ ಮಾಡಿಕೊಂಡ. ಅವನ ತಾಯಿ ಯಹೂದಿ.

ಈಗ ಎಚ್ಚರಿಕೆಯ ಮಾತು. ಕಿಪ್ಪಾ ಹಾಕಿದವನಿಗೆ ಅದು ಕಾಣುವುದಿಲ್ಲ. ಸಿನಗಾಗ್‌ನಲ್ಲಿ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದಲ್ಲಿ, ಹಿಂದೆ ನಿಂತು ಪ್ರಾರ್ಥನೆ ಮಾಡುವವರಿಗೆ ಕಾಣುತ್ತದೆ. ಯೋಮ್ ಕಿಪ್ಪುರ್ ದಿನ, ಉಪವಾಸವಿದ್ದು ಕ್ಷಮೆ ಕೇಳುತ್ತಿರುವವರ ಕಣ್ಣೆದುರು ಜೋಕರ್ ಮುಖ ಇರುವುದು ಸರಿಯಲ್ಲ. ಮನೆಗೆ, ಪಿಕ್‌ನಿಕ್‌ಗೆ, ಪಂದ್ಯಕ್ಕೆ, ಪುರಿಮ್ ಹಬ್ಬದ ವೇಷಕ್ಕೆ ಯಾವ ಚಿತ್ರವಾದರೂ ಇರಲಿ. ಹಬ್ಬದ ಪ್ರಾರ್ಥನೆಗೆ, ಸಾವಿನ ಮನೆಗೆ ಒಂದೇ ಬಣ್ಣದ್ದು ಇರಲಿ. ಉಡುಗೊರೆ ಕೊಡುವವರು ಎರಡೂ ಒಂದೊಂದು ಕೊಟ್ಟರೆ ಬಹಳ ಒಳ್ಳೆಯದು. ಶಾಲೆಗೆ ಹೋಗುವ ಮಗುವಾದರೆ ತಾಯಿಯನ್ನು ಒಂದು ಮಾತು ಕೇಳಿಬಿಡಿ. ನಾನು ಕೇಳದೆ ತಂದೆ, ಅತ್ತದ್ದು ಮಗು.

ದೊಡ್ಡ ಟೋಪಿಗಳು

ಕರಿಕೋಟಿನ ಗಂಡಸರ ಅಂಚುಳ್ಳ ಕಪ್ಪು ಟೋಪಿ ನೋಡಿ ಅದು ಸಾವಿರ ವರ್ಷದ ಹಳೆಯದು ಅಂದುಕೊಳ್ಳಬೇಡಿ. ಅದು ಫೆಡೋರಾ. ಇಟಲಿಯ ಅಲೆಸ್ಸಾಂಡ್ರಿಯಾದಲ್ಲಿ 1857ರಲ್ಲಿ ಶುರುವಾದ ಬೊರ್ಸಾಲಿನೊ ಕಂಪನಿಯ ಟೋಪಿಗೆ ಅವರಲ್ಲಿ ಬಹಳ ಮರ್ಯಾದೆ. ಕಳೆದ ಶತಮಾನದ ಮಧ್ಯದವರೆಗೆ ಅದು ಎಲ್ಲರೂ ಹಾಕುವ, ಸಿನಿಮಾ ನಟರು ಹಾಕುವ ಟೋಪಿ. ಫ್ಯಾಷನ್ ಬದಲಾಯಿತು, ಉಳಿದವರು ಬಿಟ್ಟರು, ಇವರು ಬಿಡಲಿಲ್ಲ. ಅಂದರೆ ಪಾಪ್ ಸಂಸ್ಕೃತಿಯೇ ಇಲ್ಲಿ ಸಂಪ್ರದಾಯವಾಗಿ ನಿಂತಿದೆ. ಪ್ಯಾಕ್‌ಮ್ಯಾನ್ ಅಂಚಿನ ಕಿಪ್ಪಾ ನೋಡಿ ಮೂಗು ಮುರಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಶ್ಟ್ರೈಮಲ್ ಬೇರೆಯೇ ವಿಷಯ. ತುಪ್ಪಳದ ದುಂಡನೆಯ ಟೋಪಿ. ಹಸೀದಿ ಎಂಬ ಕಟ್ಟುನಿಟ್ಟಿನ ಪಂಗಡದ ಮದುವೆಯಾದ ಗಂಡಸರು ಶಬ್ಬಾತ್, ಹಬ್ಬ, ಮದುವೆಗಳಲ್ಲಿ ಹಾಕುತ್ತಾರೆ. ಬೆಲೆ ಸಾವಿರಾರು ಡಾಲರ್. ಮಳೆ ಬಂದರೆ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿಕೊಂಡು ಓಡುತ್ತಾರೆ. 2021ರಲ್ಲಿ ಇಸ್ರೇಲ್ ಫ್ಯಾಷನ್ನಿಗಾಗಿ ತುಪ್ಪಳ ಮಾರುವುದನ್ನು ನಿಷೇಧಿಸಿದಾಗ ಧಾರ್ಮಿಕ ಬಳಕೆಗೆ ವಿನಾಯಿತಿ ಕೊಟ್ಟಿತು. ಇದು ಉಡುಗೊರೆ ಕೊಡುವ ವಸ್ತುವಲ್ಲ, ಸುಮ್ನೆ ತಲೆಗಿಟ್ಟು ಫೋಟೋ ತೆಗೆಸಿಕೊಳ್ಳುವ ವಸ್ತುವೂ ಅಲ್ಲ. 1993ರಲ್ಲಿ ಜ್ಯಾಂ ಪಾಲ್ ಗೋತಿಯೆ ತಮ್ಮ ಫ್ಯಾಷನ್ ಶೋದಲ್ಲಿ ಹಸೀದಿ ಉಡುಪನ್ನು, ಆ ತುಪ್ಪಳದ ಟೋಪಿಯನ್ನೂ ಸೇರಿಸಿ, ಮಾಡೆಲ್‌ಗಳಿಗೆ ಹಾಕಿಸಿದರು. ಕಲೆ ಅಂತ ಹೊಗಳಿದವರಿದ್ದಾರೆ. ಬೀದಿಯಲ್ಲಿ ಅದೇ ಟೋಪಿಗಾಗಿ ಬೈಸಿಕೊಂಡವರ ಮಕ್ಕಳಿಗೆ ಹೇಗನ್ನಿಸಿರಬೇಕು ಅನ್ನುವುದೇ ನನ್ನ ಯೋಚನೆ. ಜೆರುಸಲೇಮಿನ ಸಂತೆಯಲ್ಲಿ ಕೆನ್ನೆಯ ಪಕ್ಕ ನಕಲಿ ಗುಂಗುರು ಜೋತುಬಿಟ್ಟ ಟೋಪಿ ಮಾರುತ್ತಾರೆ. ದಯವಿಟ್ಟು ಅದನ್ನು ತರಬೇಡಿ.

ಅಲ್ಲಿಂದ ಏನಾದರೂ ತರಲೇಬೇಕು ಅಂದರೆ ಬ್ರೆಸ್ಲೋವ್ ಪಂಗಡದ ಬಿಳಿ ಕ್ರೋಶಾ ಕಿಪ್ಪಾ ಇದೆ. ದೊಡ್ಡದು, ತುದಿಯಲ್ಲಿ ಕುಚ್ಚು. ಸುತ್ತ ‘ನ ನಖ್ ನಖ್ಮ ನಖ್ಮನ್ ಮೆಉಮನ್’ ಅಂತ ಹೆಣೆದಿರುತ್ತದೆ. ಉಕ್ರೇನಿನ ಉಮನ್‌ನಲ್ಲಿ ಸಮಾಧಿಯಾದ ರಬ್ಬಿ ನಖ್ಮನ್ ಅವರ ಹೆಸರು ಅದು. ಈ ಪಂಗಡದ ಹುಡುಗರು ವ್ಯಾನಿನ ಮೇಲೆ ಸ್ಪೀಕರ್ ಕಟ್ಟಿ, ಟೆಕ್ನೋ ಸಂಗೀತ ಹಾಕಿ, ಸಿಗ್ನಲ್‌ನಲ್ಲಿ ಇಳಿದು ಕುಣಿಯುತ್ತಾರೆ. ಸಂತೋಷವಾಗಿರುವುದೇ ಪೂಜೆ ಅನ್ನುವುದು ಅವರ ನಂಬಿಕೆ. ಅದನ್ನು ಹಾಕಿದರೆ ಅವರ ಗುರುವಿನ ಹೆಸರು ನಿಮ್ಮ ತಲೆಯ ಮೇಲಿರುತ್ತದೆ ಅನ್ನುವುದು ನೆನಪಿರಲಿ.

ಹೆಂಗಸರದ್ದು: ಬಟ್ಟೆಯಾ, ವಿಗ್ಗಾ?

ಸಂಪ್ರದಾಯಸ್ಥ ಮನೆಗಳಲ್ಲಿ ಮದುವೆಯಾದ ಹೆಂಗಸರು ಕೂದಲು ಮುಚ್ಚುತ್ತಾರೆ. ಬಟ್ಟೆ ಕಟ್ಟಿದರೆ ಟಿಖೆಲ್. ವಿಗ್ ಹಾಕಿದರೆ ಶೈಟಲ್. ಈ ವಿಗ್ಗಿನ ಕಥೆಯಲ್ಲಿ ನಮ್ಮ ಕಡೆಯದ್ದೂ ಒಂದು ಎಳೆ ಇದೆ.

2004ರ ಮೇ ತಿಂಗಳಲ್ಲಿ ಜೆರುಸಲೇಮಿನ ರಬ್ಬಿ ಯೋಸೆಫ್ ಶಾಲೋಮ್ ಎಲ್ಯಾಶಿವ್ ಒಂದು ತೀರ್ಪು ಕೊಟ್ಟರು. ಭಾರತದ ಕೂದಲಿನ ವಿಗ್ ಹಾಕಬಾರದು ಅಂತ. ಕಾರಣ, ಆ ಕೂದಲಿನಲ್ಲಿ ತಿರುಪತಿಯಲ್ಲಿ ಮುಡಿ ಕೊಟ್ಟದ್ದೂ ಸೇರಿರುತ್ತಿತ್ತು. ಬೇರೆ ದೇವರಿಗೆ ಅರ್ಪಿಸಿದ ವಸ್ತುವಿನಿಂದ ಲಾಭ ಪಡೆಯಬಾರದು ಅನ್ನುವುದು ಅವರ ಧರ್ಮದ ನಿಯಮ. ಬ್ರೂಕ್ಲಿನ್‌ನಲ್ಲಿ, ಇಸ್ರೇಲಿನಲ್ಲಿ ಹೆಂಗಸರು ಸಾವಿರಾರು ಡಾಲರಿನ ವಿಗ್‌ಗಳನ್ನು ಬೀದಿಯಲ್ಲಿ ಬೆಂಕಿಗೆ ಹಾಕಿದರು. ಹರಕೆ ಹೊತ್ತು ತಿರುಪತಿಯಲ್ಲಿ ಮುಡಿ ಕೊಟ್ಟವರು ನಮ್ಮ ಮನೆಯಲ್ಲೂ ಇದ್ದಾರೆ. ಆ ಕೂದಲು ಎಲ್ಲಿಗೆ ಹೋಗುತ್ತದೆ ಅಂತ ನಾವು ಯೋಚಿಸಿದವರಲ್ಲ. ಈ ಕಥೆ ಕೇಳಿದಾಗ ನನಗೆ ಕೋಪ ಬರಲಿಲ್ಲ. ಎರಡೂ ಕಡೆಯವರು ಒಂದೇ ಕೂದಲನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರಲ್ಲ ಅಂತ ಮನಸ್ಸು ತುಂಬಿ ಬಂತು. ಈಗಲೂ ಶೈಟಲ್ ಕೊಳ್ಳುವವರು ಕೂದಲಿನ ಮೂಲ ಕೇಳುತ್ತಾರೆ. ಅದಕ್ಕೆ ರಬ್ಬಿಗಳ ಪ್ರಮಾಣಪತ್ರವೂ ಇರುತ್ತದೆ.

ಹೋಲಿಸಿದರೆ, ಶೈಟಲ್ ಆಫೀಸಿಗೆ ಹೋಗುವವರಿಗೆ ಅನುಕೂಲ. ಯಾರೂ ತಿರುಗಿ ನೋಡುವುದಿಲ್ಲ. ದುಡ್ಡು ಜಾಸ್ತಿ, ಬೇಸಿಗೆಯಲ್ಲಿ ಸೆಕೆ, ತೊಳೆದು ಬಾಚುವ ಖರ್ಚು ಬೇರೆ. ಟಿಖೆಲ್ ಅಗ್ಗ, ತಂಪು, ದಿನಕ್ಕೊಂದು ಬಣ್ಣ. ಕಟ್ಟುವುದನ್ನು ಕಲಿಯಬೇಕು ಅಷ್ಟೇ. ಅದಕ್ಕೆ ಇಂಟರ್‌ನೆಟ್ ತುಂಬ ವಿಡಿಯೋಗಳಿವೆ. ರಾಪುಂಜೆಲ್ ಕಥೆಯ ಹೆಸರಿಗೆ ‘ರ‍್ಯಾಪ್’ (ಸುತ್ತುವುದು) ಅನ್ನುವ ಇಂಗ್ಲಿಷ್ ಪದ ಸೇರಿಸಿ ‘ರ‍್ಯಾಪುಂಜೆಲ್’ ಅಂತ ಹೆಸರಿಟ್ಟುಕೊಂಡ ಒಂದು ತಾಣವಂತೂ ಟಿಖೆಲ್ ಕಟ್ಟುವುದನ್ನೇ ಒಂದು ಕಲೆ ಮಾಡಿದೆ. ಎರಡು ಮೂರು ಬಣ್ಣದ ಬಟ್ಟೆ ಹೆಣೆದು, ಮೇಲೊಂದು ಪಿನ್ ಸಿಕ್ಕಿಸಿ ಕಿರೀಟದ ಹಾಗೆ ಕಟ್ಟುತ್ತಾರೆ. ನಾನು ಊರಿನಿಂದ ತಂದ ಎರಡು ಉದ್ದನೆಯ ಹತ್ತಿ ದುಪಟ್ಟಾ ಬಬ್ಬಿಯ ಸೊಸೆಗೆ ಕೊಟ್ಟೆ. ಈಗ ಅವೇ ಆಕೆಯ ಬೇಸಿಗೆ ಟಿಖೆಲ್. ನುಣುಪು ರೇಷ್ಮೆ ಕೊಡಬೇಡಿ, ನಿಲ್ಲುವುದಿಲ್ಲ. ಶೈಟಲ್ ಅನ್ನು ಮಾತ್ರ ಅವರವರೇ ಆರಿಸಿಕೊಳ್ಳಬೇಕು.

ಕಿಪ್ಪಾನೇ ಹಾಕುವ ಹೆಂಗಸರೂ ಇದ್ದಾರೆ, ಗಂಡು ಹೆಣ್ಣು ಸಮನಾಗಿ ಕೂತು ಪ್ರಾರ್ಥಿಸುವ ಸಿನಗಾಗ್‌ಗಳಲ್ಲಿ. ತಾಮ್ರದ ತಂತಿಯಲ್ಲಿ ಮಣಿ ಪೋಣಿಸಿದ ಕಿಪ್ಪಾ ಅವರಿಗಾಗಿಯೇ ಬಂದಿದೆ. ಆಭರಣದ ಹಾಗಿರುತ್ತದೆ. ಕಟ್ಟುನಿಟ್ಟಿನ ಮನೆಯವರಿಗೆ ಇದು ಒಪ್ಪಿಗೆಯಾಗದು, ತಿಳಿದು ಕೊಡಿ.

ನಿಮ್ಮ ತಲೆಗೆ

ಹೆಚ್ಚಿನ ಸಿನಗಾಗ್‌ಗಳಿಗೆ, ಯಹೂದಿಗಳ ಪವಿತ್ರ ಸ್ಥಳವಾದ ಜೆರುಸಲೇಮಿನ ಪಶ್ಚಿಮ ಗೋಡೆಗೆ ಹೋಗುವ ಗಂಡಸರು, ಯಾವ ಧರ್ಮದವರಾದರೂ, ತಲೆ ಮುಚ್ಚಬೇಕು. ಬಾಗಿಲ ಬಳಿ ಡಬ್ಬದಲ್ಲಿ ಕಿಪ್ಪಾ ಇಟ್ಟಿರುತ್ತಾರೆ. ತಗೊಂಡು ಹಾಕಿ, ಬರುವಾಗ ಅಲ್ಲೇ ಇಡಿ. ಚಿತ್ರದ ಕಿಪ್ಪಾ ಅಲ್ಲಿ ಬೇಡ. ನಾವು ಅತಿಥಿಗಳು, ನಮ್ಮ ತಲೆ ಯಾರ ಗಮನವನ್ನೂ ಸೆಳೆಯಬೇಕಿಲ್ಲ.

ಒಂದು ಮಾತು ಹೇಳಲೇಬೇಕು. ನಮಗೆ ಇದು ಒಂದು ದಿನದ ಟೋಪಿ. ದಿನಾ ಹಾಕುವವರಿಗೆ ಇದು ಕೆಲವೊಮ್ಮೆ ಅಪಾಯ. 2018ರ ಏಪ್ರಿಲ್‌ನಲ್ಲಿ ಬರ್ಲಿನ್ನಿನಲ್ಲಿ ಕಿಪ್ಪಾ ಹಾಕಿದ್ದ ಯುವಕನನ್ನು ಬೀದಿಯಲ್ಲಿ ಬೆಲ್ಟಿನಿಂದ ಹೊಡೆದರು. ಆ ತಿಂಗಳಲ್ಲೇ ಯಹೂದಿಗಳ ಜೊತೆ ಯಹೂದಿಗಳಲ್ಲದವರೂ ಸೇರಿ ಸಾವಿರಾರು ಜನ ಕಿಪ್ಪಾ ಹಾಕಿ ಮೆರವಣಿಗೆಗೆ ಬಂದರು. ಮರುವರ್ಷ, ಎಲ್ಲ ಕಡೆ ಎಲ್ಲ ಹೊತ್ತಿನಲ್ಲೂ ಕಿಪ್ಪಾ ಹಾಕಿ ಅಂತ ನಾನು ಹೇಳಲಾರೆ ಎಂದು ಸರ್ಕಾರದ ಅಧಿಕಾರಿ ಫೆಲಿಕ್ಸ್ ಕ್ಲೈನ್ ಹೇಳಿದಾಗ, ಬಿಲ್ಡ್ ಪತ್ರಿಕೆ ಮುಖಪುಟದಲ್ಲಿ ಕತ್ತರಿಸಿ ಹಾಕಿಕೊಳ್ಳುವ ಕಾಗದದ ಕಿಪ್ಪಾ ಅಚ್ಚು ಹಾಕಿತು. ಇಸ್ರೇಲಿನಲ್ಲಿ ಒಬ್ಬ ಕ್ಷೌರಿಕ, ಯೂರೋಪಿನವರಿಗಾಗಿ, ಕಾಣದ ಹಾಗೆ ಬೆರೆತುಹೋಗುವ ಕೂದಲಿನ ಕಿಪ್ಪಾನೇ ಮಾಡಿದ. ಬೀದಿಯಲ್ಲಿ ನಡೆಯುವಾಗ ಕಿಪ್ಪಾ ಮೇಲೆ ಬೇಸ್‌ಬಾಲ್ ಕ್ಯಾಪ್ ಹಾಕುವವರು ಇಲ್ಲೂ ಇದ್ದಾರೆ. ದೊಡ್ಡ ಮಕ್ಕಳಿಗೆ ಉಡುಗೊರೆ ಕೊಡುವಾಗ ಒಳ್ಳೆಯ ಕ್ಯಾಪ್ ಕೊಟ್ಟರೂ ಅದು ಒಳ್ಳೆಯ ಆಯ್ಕೆಯೇ.

ಕೊಳ್ಳುವಾಗ

ಮದುವೆಗೆ ಸಗಟಾಗಿ ಬೇಕಾದರೆ ಕೈಹೆಣಿಗೆಯ ಕಿಪ್ಪಾ ಕೇಳಿ. ಗ್ವಾಟೆಮಾಲಾದ ಮಾಯಾ ಹೆಂಗಸರು ಮಾಯಾವರ್ಕ್ಸ್ ಎಂಬ ಸಂಸ್ಥೆಯ ಮೂಲಕ ಮಾಡಿ ಕಳಿಸುತ್ತಾರೆ. ಉಗಾಂಡಾದ ಅಬಯುದಾಯ ಯಹೂದಿಗಳು ಢಾಳು ಬಣ್ಣಗಳಲ್ಲಿ ಹೆಣೆಯುತ್ತಾರೆ. ದುಡ್ಡು ಹೆಚ್ಚಾಗಿ ಹೆಣೆದವರ ಕೈಗೇ ಸೇರುತ್ತದೆ.

ಅಳತೆ ಗೊತ್ತಿಲ್ಲದಿದ್ದರೆ ಸ್ವಲ್ಪ ದೊಡ್ಡದೇ ತಗೊಳ್ಳಿ. ಜೊತೆಗೆ ಎರಡು ಕ್ಲಿಪ್ ಇಡಿ, ಚಪ್ಪಟೆಯಾಗಿ ಟಕ್ಕಂತ ಮುಚ್ಚುವವು. ಕೂದಲು ಕಿತ್ತು ಬರುವಂಥ ಒರಟು ಪಿನ್ ಬೇಡ. ಬೆಲೆಯ ಚೀಟಿ ತೆಗೆಯಿರಿ.

ಎದುರುಮನೆಯ ಮಗುವಿಗೆ ನಾನು ಆಮೇಲೆ ಒಂದು ಹೆಣೆದುಕೊಟ್ಟೆ. ಪೂರ್ತಿ ಕಡುನೀಲಿ. ಅಂಚಿನಲ್ಲಿ ಮಾತ್ರ ಎರಡು ಸುತ್ತು ಕೆಂಪು, ಅದರ ನಡುವೆ ನೂಲಿನ ಬಲೆಯ ಹಾಗೆ ಅಡ್ಡಗೆರೆ. ಶಾಲೆಯವರು ಏನೂ ಅನ್ನಲಿಲ್ಲ, ಅವರಿಗೆ ಅದು ಬರೀ ಬಾರ್ಡರ್. ಅವನು ಮಾತ್ರ ದಿನಾ ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ತಲೆ ಬಗ್ಗಿಸಿ, ನಮ್ಮ ಕಿಟಕಿಯ ಕಡೆಗೆ ಅದನ್ನು ತೋರಿಸಿ ಹೋಗುತ್ತಾನೆ.